ಗುಳ್ಳೆ ಬಿದ್ದ ಫೋಟೊ

ಯುವ ವಿಜ್ಞಾನಿಗಳಿಗೆ ವೃತ್ತಿ ಮಾರ್ಗದರ್ಶನ ನೀಡುವ ಕಾರ್ಯಾಗಾರ ಮರುದಿನವೇ ಇತ್ತು. ಭಾಷಣಕಾರರ ಸ್ಲೈಡುಗಳನ್ನು ಹಾಲ್‌ನ ಕಂಪ್ಯೂಟರಿಗೆ ಹಾಕಿ ನೋಡುವ ಕೆಲಸ ನನ್ನದು. ಮೊದಲ ಉಪನ್ಯಾಸ ನಮ್ಮ ಲ್ಯಾಬಿನ ಹಿರಿಯ ವಿಜ್ಞಾನಿ ಅಹಲ್ಯಾ ಅವರದು: ‘ನಿಮ್ಮ ಕೆಲಸಕ್ಕೆ ನಿಮ್ಮ ಹೆಸರು ಪಡೆಯುವುದು ಹೇಗೆ’. ಈ ವಿಷಯಕ್ಕೆ ಅವರಿಗಿಂತ ತಕ್ಕವರಿಲ್ಲ ಎಂದು ಅವರ ಹೆಸರು ಸೂಚಿಸಿದವಳು ನಾನೇ.

ನಾನು ದೆಹಲಿಗೆ ಬಂದ ಹೊಸದರಲ್ಲಿ ಮಯೂರ್ ವಿಹಾರ್‌ನ ತಮ್ಮ ಮನೆಗೆ ಕರೆದು ಅನ್ನ ಸಾರು ಬಡಿಸಿದವರು ಅವರು. ಮೇಡಂ ಎಂದರೆ ಬಯ್ಯುತ್ತಿದ್ದರು. ಅಕ್ಕ ಎಂದೇ ಕರೆಯಬೇಕಿತ್ತು.

ಒಂದು ಸ್ಲೈಡಿನಲ್ಲಿ ‘ನನ್ನ ಹೊಸ ಸಂಶೋಧನೆ’ ಎಂಬ ತಲೆಬರಹ, ಕೆಳಗೆ ಡಿಎನ್‌ಎ ಪಟ್ಟಿಗಳ ಫೋಟೊ. ಮೂಲೆಯಲ್ಲೊಂದು ಗಾಳಿಗುಳ್ಳೆ. ಆ ಗುಳ್ಳೆ ನನಗೆ ಗೊತ್ತು. ಮೇ ತಿಂಗಳ ಸೆಕೆಯಲ್ಲಿ, ಕರೆಂಟು ಹೋಗುವ ಮುಂಚೆ ಮುಗಿಸಬೇಕೆಂದು ಅವಸರದಲ್ಲಿ ಡಿಎನ್‌ಎ ಬೇರ್ಪಡಿಸುವ ಜೆಲ್ ಸುರಿದು, ಗುಳ್ಳೆ ಒಡೆಯಲು ಮರೆತವಳು ನಾನು. "ಇದರಲ್ಲೇನೂ ಇಲ್ಲ, ಬಿಟ್ಟುಬಿಡು" ಎಂದು ಫೋಟೊ ತೆಗೆದಿಟ್ಟುಕೊಂಡವರು ಅಕ್ಕ.

ಹಿಂದಿನ ಸಾಲಿನಲ್ಲಿ ಚಹಾ ಕುಡಿಯುತ್ತಿದ್ದ ಅವರತ್ತ ತಿರುಗಿದೆ. "ಅಕ್ಕಾ, ಇದು ನನ್ನ ಜೆಲ್."

"ಅಚ್ಛಾ, ಒಂದೇ ಲ್ಯಾಬಲ್ವಾ ಪೂವಮ್ಮ? ನಿಂದು ನಂದು ಅಂತ ಏನಿದೆ?" ಅವರು ಕಣ್ಣು ಕಿರಿದಾಗಿಸಿ ಪರದೆ ನೋಡಿದರು. "ಆ ಗುಳ್ಳೆ ಮಾತ್ರ ಅಸಹ್ಯವಾಗಿ ಕಾಣ್ತಿದೆ. ಚಲೋ, ಅಷ್ಟನ್ನ ಕತ್ತರಿಸಿಬಿಡು."

ಗುಳ್ಳೆಯೇ ಇಡೀ ಪರದೆ ತುಂಬುವಷ್ಟು ಫೋಟೊ ಹಿಗ್ಗಿಸಿದೆ.

"ಇಷ್ಟು ಸಾಕಾ, ಮೇಡಂ?"