ನೂರೈವತ್ತು ಗ್ರಾಂ ಹಿಂದಿ

ನಮ್ಮ ರಾಮಾಂಜಿನಪ್ಪನಿಗೆ ನೇಪಾಳಕ್ಕೆ ಕಾರು ಓಡಿಸಿಕೊಂಡು ಹೋಗುವ ಹುಚ್ಚು ಹತ್ತಿದ್ದು ಎಂಬತ್ತೇಳನೆಯ ಇಸವಿಯ ಸಂಕ್ರಾಂತಿ ಕಳೆದ ವಾರ. ಅವನು ನನ್ನ ತಮ್ಮ, ಚಿಕ್ಕಬಳ್ಳಾಪುರದಲ್ಲಿ ಆಲೂಗಡ್ಡೆ ಮಂಡಿ ಇಟ್ಟವನು. ಹಿಂದಿನ ವರ್ಷವಷ್ಟೇ ಒಂದು ಹಳೆಯ ಅಂಬಾಸಿಡರ್ ಕೊಂಡಿದ್ದ. ಅದರಲ್ಲಿ ಚಿಂತಾಮಣಿಯವರೆಗೆ ಹೋಗಿ, ದಾರಿಯಲ್ಲಿ ಎರಡೇ ಸಲ ಕೆಟ್ಟು ವಾಪಸು ಬಂದದ್ದು ಅಲ್ಲಿಯವರೆಗಿನ ಅವನ ದೊಡ್ಡ ಸಾಹಸ. ಹೀಗಿರುವಾಗ, ನಮ್ಮ ಮನೆಯ ಮುಂದೆ ಹಾದುಹೋಗುವ ಹೈವೇ ನೇರ ಕಾಶಿಗೇ ಮುಟ್ಟುತ್ತದೆ ಎಂದು ಯಾವನೋ ಪುಣ್ಯಾತ್ಮ ಅವನ ಕಿವಿಗೆ ಹಾಕಿದ.

"ಅಕ್ಕಯ್ಯ, ಮನೆ ಮುಂದೆ ಒಂದ್ಸಲ ತಿರುಗಿಸ್ಕೊಂಡ್ರೆ ಆಯ್ತು. ಕಾಶಿ ತನಕ ಸ್ಟೇರಿಂಗ್ ಮುಟ್ಟಂಗೇ ಇಲ್ಲ ಕಣಕ್ಕ. ಅಲ್ಲಿಂದ ಇನ್ನೊಂದಿನ ಓಡ್ಸಿದ್ರೆ ಫಾರಿನ್ನು!"

"ಯಾರ್ಯಾರಪ್ಪ ಹೋಗೋದು?"

"ನಾನು, ಚಲಪತಿ, ಮೆಕ್ಯಾನಿಕ್ ಕೋನಪ್ಪ, ಇವಳು ಬಂದ್ರೆ ಇವಳು. ನೀನಂತೂ ಬರ್ಲೇಬೇಕು. ಆ ಕಡೆ ಬಾಯಿ ಬಿಟ್ರೆ ಹಿಂದಿ. ನಮ್ಮಲ್ಲಿ ಹಿಂದಿ ಗೊತ್ತಿರೋದು ನಿನಗೊಬ್ಬಳಿಗೇ ತಾನೆ?"

ನನಗೆ ಹಿಂದಿ ಗೊತ್ತಿತ್ತೇ ಎನ್ನುವುದು ನನಗೂ ದೇವರಿಗೂ ಬಿಟ್ಟ ವಿಷಯ. ನಾನು ಮಂಗಮ್ಮ, ರಿಟೈರಾದ ಹಿಂದಿ ಟೀಚರ್. ಗಂಡ ತೀರಿಕೊಂಡ ಮೇಲೆ ತಮ್ಮನ ಮನೆಯಲ್ಲೇ ಇದ್ದೇನೆ. ಮಂಚೇನಹಳ್ಳಿ, ಗೌರಿಬಿದನೂರು, ಶಿಡ್ಲಘಟ್ಟ ಎಂದು ಸುತ್ತಿ ಮೂವತ್ತೊಂದು ವರ್ಷ ಪಾಠ ಮಾಡಿದೆ. ಮನೆಯಲ್ಲಿ ತೆಲುಗು, ಬೀದಿಯಲ್ಲಿ ಕನ್ನಡ ಆಡುವ ಮಕ್ಕಳಿಗೆ ಗಂಗಾನದಿಯ ಮೇಲೆ ಪ್ರಬಂಧ ಬಾಯಿಪಾಠ ಮಾಡಿಸಿದೆ. ಮನೆಯಲ್ಲಿ ಉರ್ದು ಆಡುವ ಮಕ್ಕಳು ಸಲೀಸಾಗಿ ಉತ್ತರ ಹೇಳಿದರೆ, ಅದು ಪುಸ್ತಕದಲ್ಲಿ ಇದ್ದಂತಿಲ್ಲ ಎಂದು ಮಾರ್ಕು ಕತ್ತರಿಸಿದೆ. ಇಷ್ಟಾದರೂ ಹಿಂದಿಯನ್ನೇ ಆಡಿ ಬೆಳೆದ ಒಬ್ಬ ಮನುಷ್ಯನ ಎದುರು ನಿಂತು ಒಂದು ಲೋಟ ನೀರು ಕೇಳಿದವಳಲ್ಲ. ಹೈವೇಯಲ್ಲಿ ದಿನಕ್ಕೆ ನೂರು ಲಾರಿ ಆ ಕಡೆಯಿಂದ ಬರುತ್ತಿದ್ದವು, ನಿಜ. ಟೀಚರಮ್ಮ ಹೋಗಿ ಲಾರಿಯವರ ಹತ್ತಿರ ಮಾತಿಗೆ ನಿಂತರೆ ಊರು ಏನನ್ನುತ್ತದೆ ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ. ಅದು ಸುಳ್ಳು. ನನ್ನ ಮಾತು ಅವರಿಗೆ ತಿಳಿಯದೇ ಹೋದರೆ ಆ ಮೂವತ್ತೊಂದು ವರ್ಷ ಎಲ್ಲಿ ಇಡಲಿ ಎಂಬ ಭಯ.

ಆದ್ದರಿಂದ ತಮ್ಮ ಬಾ ಎಂದ ದಿನ ನನಗೆ ಅನ್ನ ಸೇರಲಿಲ್ಲ. ಹಿಮವೋ, ದೇವಸ್ಥಾನವೋ ಅವರು ನೋಡಿಕೊಳ್ಳಲಿ. ದೂರದ ಊರಿನಲ್ಲಿ, ನನ್ನ ಪರಿಚಯವೇ ಇಲ್ಲದ ಜಾಗದಲ್ಲಿ, ಯಾರನ್ನಾದರೂ ಏನಾದರೂ ಕೇಳಬೇಕು, ಅವರು ಹೇಳಿದ್ದು ನನಗೆ ತಿಳಿಯಬೇಕು. ಅಷ್ಟಾದರೆ ನಾನು ಟೀಚರ್ ಆಗಿದ್ದೆ ಎಂದು ಧೈರ್ಯವಾಗಿ ಹೇಳಿಕೊಳ್ಳಬಹುದಿತ್ತು.

ಸಿದ್ಧತೆಯ ಯಜಮಾನಿಕೆಯನ್ನು ಚಲಪತಿ ವಹಿಸಿಕೊಂಡ. ಅವನು ತಮ್ಮನ ಗೆಳೆಯ, ತಾಲ್ಲೂಕು ಆಫೀಸಿನಲ್ಲಿ ಗುಮಾಸ್ತ. ಫೈಲಿಲ್ಲದೆ ಸಂತೆಗೂ ಹೋಗದ ಆಸಾಮಿ. ನೇಪಾಳಕ್ಕೆ ಪಾಸ್‌ಪೋರ್ಟ್ ಬೇಕಿಲ್ಲ ಎಂದು ತಿಳಿದಾಗ ಅವನಿಗೆ ಆದ ಬೇಜಾರು ಅಷ್ಟಿಷ್ಟಲ್ಲ. "ಫಾರಿನ್ ಅಂದ್ಮೇಲೆ ಒಂದು ಕಾಗದಾನೂ ಬೇಡ ಅಂದ್ರೆ ಏನ್ ಸಾರ್?" ಎಂದು ಎರಡು ದಿನ ಗೊಣಗಿ, ಕೊನೆಗೆ ಎಲ್ಲರಿಗೂ ನಡತೆಯ ಸರ್ಟಿಫಿಕೇಟ್ ಮಾಡಿಸಿದ. ನನ್ನದಕ್ಕೆ ಸಹಿ ಹಾಕಿದವನು ನನ್ನ ಹಳೆಯ ಶಿಷ್ಯ. ಹತ್ತನೇ ಕ್ಲಾಸಿನಲ್ಲಿ ಕಾಪಿ ಹೊಡೆದು ಸಿಕ್ಕಿಬಿದ್ದಿದ್ದವನು, ಈಗ ದೊಡ್ಡ ಅಧಿಕಾರಿ. ನನ್ನ ನಡತೆ ತೃಪ್ತಿಕರ ಎಂದು ಬರೆದುಕೊಟ್ಟ.

ಕೋನಪ್ಪ ಚಿಂತಾಮಣಿಯವನು. ಮಾತಿನಲ್ಲಿ ಅರ್ಧ ತೆಲುಗು. ಆ ಅಂಬಾಸಿಡರ್‌ನ ಕಾಯಿಲೆಗಳೆಲ್ಲ ಅವನಿಗೆ ಬಾಯಿಗೇ ಬರುತ್ತಿದ್ದವು. "ದಾರೀಲಿ ಏನು ಹೋಗುತ್ತೋ ಹೇಳಕ್ಕಾಗಲ್ಲ ಸಾಮಿ, ಅನ್ನೀ, ಎಲ್ಲಾನೂ ಇರಬೇಕು" ಎಂದು ಫ್ಯಾನ್ ಬೆಲ್ಟು, ಕ್ಲಚ್ ಪ್ಲೇಟು, ಆಕ್ಸಲ್ಲು, ಎರಡು ಸ್ಟೆಪ್ನಿ, ಒಂದು ಸ್ಪ್ರಿಂಗ್ ಪಟ್ಟಾ ಸೆಟ್ಟು, ಎಲ್ಲವನ್ನೂ ಬರೆಸಿದ. ಇನ್ನು ನಾಲ್ಕು ಚಕ್ರ ಸೇರಿಸಿದ್ದರೆ ಡಿಕ್ಕಿಯಲ್ಲಿ ಇನ್ನೊಂದು ಕಾರು ಆಗುತ್ತಿತ್ತು. ತಮ್ಮನ ಪಟ್ಟಿ ಬೇರೆ: ಸೀಮೆಎಣ್ಣೆ ಸ್ಟೌ, ರಾಗಿಹಿಟ್ಟು, ಹುರುಳಿಕಾಳು, ಚಟ್ನಿಪುಡಿ, ಮಾವಿನಕಾಯಿ ಉಪ್ಪಿನಕಾಯಿಯ ಜಾಡಿ. "ಮುದ್ದೆ ಇಲ್ದಿದ್ರೆ ಯಾವ ಹಿಮಾಲಯ ನೋಡಿ ಏನು?" ಎಂದ.

ನನ್ನ ಪಾಲಿಗೆ ಬಂದದ್ದು ನೋಟ್‌ಬುಕ್. ದಾರಿಯಲ್ಲಿ ಬೇಕಾಗುವ ಹಿಂದಿ ಮಾತುಗಳನ್ನು ಕನ್ನಡ ಅಕ್ಷರದಲ್ಲಿ ಬರೆದಿಡಿ, ನೀವು ಮಲಗಿದ್ದಾಗಲೋ ಬಾತ್‌ರೂಮಿಗೆ ಹೋದಾಗಲೋ ನಾವು ಸಂಭಾಳಿಸಬಹುದು ಎಂದ ಚಲಪತಿ. ಸರಿ ಎಂದು ಕೂತೆ. ಕೂತರೆ ನಾನು ಅರ್ಧಕ್ಕೆ ಏಳುವವಳಲ್ಲ. ಪಂಕ್ಚರ್ ಅಂಗಡಿ ಎಲ್ಲಿದೆ, ರೇಡಿಯೇಟರಿಗೆ ನೀರು ಕೊಡಿ, ಇದು ಯಾವ ಊರು, ಮುಂದಿನ ಬಂಕು ಎಷ್ಟು ದೂರ. ಪೊಲೀಸರಿಗೆಂದೇ ಒಂದು ಪುಟ. ಈ ಹಿಟ್ಟು ಮಾರಾಟಕ್ಕಲ್ಲ, ಇದು ನಮ್ಮ ಊಟ ಎಂದು ಗಡಿಯವರಿಗೆ ಹೇಳಲು ಒಂದು ವಾಕ್ಯ. ನನ್ನ ತಮ್ಮ ನಿರಪರಾಧಿ ಎಂಬುದನ್ನೂ ಮುಂದಾಲೋಚನೆಯಿಂದ ಸೇರಿಸಿದೆ. ಒಟ್ಟು ಇನ್ನೂರ ಹನ್ನೆರಡು ವಾಕ್ಯ. ತಪ್ಪು ಹುಡುಕಲು ನನಗೇ ಆಗಲಿಲ್ಲ. ಮೂವರೂ ದಿನಾ ಸಂಜೆ ಮಂಡಿಯಲ್ಲಿ ಮೂಟೆಗಳ ಮೇಲೆ ಕೂತು ಅದನ್ನು ಉರು ಹೊಡೆಯುತ್ತಿದ್ದರು. ನಾನು ತಿದ್ದುತ್ತಿದ್ದೆ. ಅಂಥ ಶ್ರದ್ಧೆಯ ವಿದ್ಯಾರ್ಥಿಗಳು ಸರ್ವಿಸಿನಲ್ಲಿ ನನಗೆ ಸಿಕ್ಕಿರಲಿಲ್ಲ.

ಏಪ್ರಿಲ್ ಕೊನೆಯಲ್ಲಿ ಒಂದು ಭಾನುವಾರ ಪರೀಕ್ಷೆಗೆಂದು, ಸಾಮಾನೆಲ್ಲ ಹೇರಿಕೊಂಡು, ಐದು ಜನವೂ ಕೂತು ನಂದಿಬೆಟ್ಟ ಹತ್ತಲು ಹೋದೆವು. ಹಿಮಾಲಯಕ್ಕೆ ಮುಂಚೆ ಇದನ್ನು ಹತ್ತಲಿ ಎಂಬ ಲೆಕ್ಕಾಚಾರ. ಏಳನೆಯ ತಿರುವಿಗೆ ಬಾನೆಟ್ಟಿನಿಂದ ಹಬೆ ಎದ್ದಿತು. ಎಂಟನೆಯದಕ್ಕೆ ಕಾರು ಮುಂದೆ ಹೋಗುವ ಬದಲು ಹಿಂದೆ ಬರತೊಡಗಿತು. ನನ್ನ ನಾದಿನಿ, ತಮ್ಮನ ಹೆಂಡತಿ ಚಿಕ್ಕವೆಂಕಟಮ್ಮ ಬಾಗಿಲು ತೆಗೆದು ಇಳಿದವಳೇ, "ಅಯ್ಯಪ್ಪಾ, ನಾನು ಬರಲ್ಲ, ಯಾವ ಫಾರಿನ್ನೂ ಬೇಡ, ನನ್ನ ಹಸು ನೋಡ್ಕೊಂಡು ಇರ್ತೀನಿ" ಎಂದು ಬೆಟ್ಟದಿಂದ ಬಸ್ಸಿನಲ್ಲೇ ಇಳಿದುಬಂದಳು. ಕೋನಪ್ಪ ಬಾನೆಟ್ಟಿನೊಳಗೆ ತಲೆಹಾಕಿ, "ಬರುವು, ತೂಕ ಜಾಸ್ತಿ ಸಾಮಿ. ಅಮ್ಮನೋರು ಇಳಿದ್ರೂ ಸಾಲಲ್ಲ. ಇನ್ನೂ ಐವತ್ತು ಅರವತ್ತು ಕೆಜಿ ಇಳೀಬೇಕು" ಎಂದ.

ಏನು ಇಳಿಸಬೇಕು ಎನ್ನುವುದನ್ನು ತೀರ್ಮಾನಿಸಲು ಮಾರನೆಯ ದಿನ ಎಲ್ಲವನ್ನೂ ಮಂಡಿಯ ತಕ್ಕಡಿಗೆ ಹಾಕಿದರು. ಹುಟ್ಟಿದಾಗಿನಿಂದ ಮೂಟೆ ತೂಗಿದ ನನ್ನ ತಮ್ಮನಿಗೆ ತೂಕಕ್ಕೆ ಹಾಕದೆ ಯಾವುದೂ ಅರ್ಥವಾಗುವುದಿಲ್ಲ. ಆಕ್ಸಲ್ ತೂಗಿದರು, ಸ್ಟೌ ತೂಗಿದರು, ಉಪ್ಪಿನಕಾಯಿ ಜಾಡಿ ತೂಗಿದರು. ಕೊನೆಗೆ, "ಅಕ್ಕಯ್ಯ, ನೀನೂ ಒಂದ್ಸಲ ನಿಂತ್ಕೊ, ಲೆಕ್ಕಕ್ಕೆ ಗೊತ್ತಿರಲಿ" ಎಂದ ತಮ್ಮ. ಆಲೂಗಡ್ಡೆ ಮೂಟೆಗಳು ನಿಲ್ಲುವ ಹಲಗೆಯ ಮೇಲೆ ಸೀರೆ ನೆರಿಗೆ ಎತ್ತಿ ಹಿಡಿದುಕೊಂಡು ನಿಂತೆ. ಹಮಾಲರೆಲ್ಲ ನೋಡುತ್ತಿದ್ದರು. ಐವತ್ತೆಂಟು ಕೆಜಿ.

ಚಲಪತಿ ಅದನ್ನು ಬರೆದುಕೊಂಡ. ಆಮೇಲೆ ನನ್ನ ನೋಟ್‌ಬುಕ್ಕನ್ನೂ ಪಕ್ಕದ ದಿನಸಿ ಅಂಗಡಿಯ ಸಣ್ಣ ತಕ್ಕಡಿಗೆ ಹಾಕಿಸಿಕೊಂಡು ಬಂದ. ನೂರೈವತ್ತು ಗ್ರಾಂ.

ಮೂವರೂ ಸ್ವಲ್ಪ ಹೊತ್ತು ಪಟ್ಟಿ ನೋಡಿದರು. ಆಕ್ಸಲ್ ಬಿಟ್ಟರೆ ತಾನು ಬರುವುದಿಲ್ಲ ಎಂದ ಕೋನಪ್ಪ. ರಾಗಿಹಿಟ್ಟಿನ ಮಾತು ಯಾರೂ ಎತ್ತಲೇ ಇಲ್ಲ. ಚಲಪತಿ ಗಂಟಲು ಸರಿಮಾಡಿಕೊಂಡು, "ಮೇಡಂ ಎಷ್ಟು ಚೆನ್ನಾಗಿ ಬರೆದಿದಾರೆ ನೋಡಿ ಸಾರ್. ಇದು ಕೈಯಲ್ಲಿದ್ರೆ ಮೇಡಂ ಪಕ್ಕದಲ್ಲೇ ಕೂತಂಗೆ" ಎಂದ.

"ಹೌದು ಕಣಕ್ಕ," ತಮ್ಮನ ಮುಖ ಅರಳಿತು. "ಈ ವಯಸ್ಸಲ್ಲಿ ಆ ಧೂಳು, ಆ ಬಿಸಿಲು ನಿನಗ್ಯಾಕೆ? ಬುಕ್ಕು ಬರೆದುಕೊಟ್ಟಿದೀಯಲ್ಲ, ಅಷ್ಟೇ ಸಾಕು."

ನನ್ನ ಬಾಯಿ ಸುಮ್ಮನಿರುವ ಬಾಯಲ್ಲ. ಇಡೀ ಹೈಸ್ಕೂಲನ್ನು ನಡುಗಿಸಿದ ಬಾಯಿ. ಅವತ್ತು ಮಾತ್ರ ಅದು, ಆಗಲಿ ಕಣಪ್ಪ, ಎಂದುಬಿಟ್ಟಿತು. ಇನ್ನೂರು ಬರೆಯುವ ಜಾಗದಲ್ಲಿ ಇಪ್ಪತ್ತು ಬರೆದಿದ್ದರೆ, ನಾಲ್ಕು ಕಡೆ ತಪ್ಪು ಬರೆದಿದ್ದರೆ, ನನಗೆ ಸೀಟು ಇರುತ್ತಿತ್ತು. ಮನೆಗೆ ಬಂದು ಹಿತ್ತಲಿನಲ್ಲಿ ಕೂತು ಅತ್ತೆ. ನಾದಿನಿ ಬಂದು, "ಏನತ್ತಿಗೆ, ತಲೆನೋವಾ?" ಎಂದಳು. ಹೌದು ಎಂದೆ.

ಆ ವಾರ ಬಿತ್ತನೆ ಆಲೂಗಡ್ಡೆ ಹೊತ್ತ ಲಾರಿಯೊಂದು ಉತ್ತರದ ಕಡೆಯಿಂದ ಮಂಡಿಗೆ ಬಂತು. ಡ್ರೈವರ್ ಗೋರಖಪುರದ ಕಡೆಯವನಂತೆ. ನೇಪಾಳದ ಗಡಿಗೆ ಅದೇ ದಾರಿ. ತಮ್ಮನಿಗೆ ಸಡಗರವೋ ಸಡಗರ. ನೋಟ್‌ಬುಕ್ಕನ್ನು ನಿಜವಾದ ಮನುಷ್ಯನ ಮೇಲೆ ಪ್ರಯೋಗ ಮಾಡುವುದೆಂದು ಚಲಪತಿಯನ್ನೂ ಕರೆಸಿದ. ನಾನು ಬೇಡವೆಂದುಕೊಂಡೇ ಹೋಗಿ ಗೋಡೆಯ ಪಕ್ಕ ನಿಂತೆ.

ತಮ್ಮ ಎದೆಯುಬ್ಬಿಸಿಕೊಂಡು ಮೂವತ್ತೊಂಬತ್ತನೆಯ ವಾಕ್ಯ ಓದಿದ: "ಗೋರಖಪುರ್ ಕೇ ಆಗೇ ರಾಸ್ತಾ ಕೈಸಾ ಹೈ?" ಗೋರಖಪುರದ ಮುಂದೆ ದಾರಿ ಹೇಗಿದೆ ಎಂದು, ಸ್ಪಷ್ಟವಾಗಿ, ನಾನು ಹೇಳಿಕೊಟ್ಟ ಹಾಗೆಯೇ. ಡ್ರೈವರಿಗೆ ಚೆನ್ನಾಗಿ ಅರ್ಥವಾಯಿತು. ಅದೇ ತೊಂದರೆಯಾದದ್ದು. ಅವನು ಬೀಡಿ ಆರಿಸಿ, ಕೈ ಆಡಿಸುತ್ತಾ, ಎಡ ಬಲ ಏರು ಇಳಿ ಎಲ್ಲವನ್ನೂ ತೋರಿಸುತ್ತಾ ಎರಡು ನಿಮಿಷ ಉತ್ತರ ಹೇಳಿದ. ತಮ್ಮ ಪುಟ ತಿರುವಿದ. ಚಲಪತಿ ಪೆನ್ಸಿಲು ಹಿಡಿದು ನಿಂತ. ಡ್ರೈವರ್ ಇನ್ನೊಮ್ಮೆ ಜೋರಾಗಿ ಹೇಳಿದ.

"ಅಕ್ಕಯ್ಯ, ಬಾರೆ ಇಲ್ಲಿ! ಏನಂತಾನೆ ಕೇಳೇ!"

ಮೊದಲ ದಿನ ಕ್ಲಾಸಿಗೆ ಹೋದಾಗಲೂ ಅಷ್ಟು ಭಯವಾಗಿರಲಿಲ್ಲ. ಹತ್ತಿರ ಹೋಗಿ, ದಯವಿಟ್ಟು ಸ್ವಲ್ಪ ನಿಧಾನವಾಗಿ ಹೇಳಪ್ಪ ಎಂದು ಹಿಂದಿಯಲ್ಲಿ ಕೇಳಿದೆ. ಅವನು ಕೈ ಆಡಿಸುವುದು ಬಿಟ್ಟು ನನ್ನನ್ನೇ ನೋಡಿದ. ಮುಗಿಯಿತು, ತಿಳಿಯಲಿಲ್ಲ ಎಂದುಕೊಂಡೆ. ಅವನು ಹೆಗಲ ಮೇಲಿದ್ದ ಟವೆಲ್ ತೆಗೆದು ಕೈ ಮುಗಿದ. "ಮಾತಾಜಿ, ನೀವು ಯಾವ ಕಡೆಯವರು? ರೇಡಿಯೋದಲ್ಲಿ ವಾರ್ತೆ ಓದುವವರ ಹಾಗೆ ಮಾತಾಡ್ತೀರಿ" ಎಂದ. ಹಿಂದಿಯಲ್ಲೇ ಎಂದ, ನನಗೆ ಒಂದೊಂದು ಮಾತೂ ತಿಳಿಯಿತು. ತಿಳಿದ ಖುಷಿಗೆ ಕಣ್ಣಲ್ಲಿ ನೀರು ಬಂತು. ಮೂಟೆಗಳ ನಡುವೆ, ಹಮಾಲರ ಎದುರು ಬಂತು, ಬರಲಿ ಎಂದು ಬಿಟ್ಟೆ.

ಗೋರಖಪುರದಾಚೆ ರಸ್ತೆ ಚೆನ್ನಾಗಿದೆ, ಮಳೆ ಹಿಡಿಯುವ ಮುಂಚೆ ಬೆಟ್ಟದ ದಾರಿಯೂ ಪರವಾಗಿಲ್ಲ, ಪೆಟ್ರೋಲ್ ಸಿಗುತ್ತದೆ ಎಂದೆಲ್ಲ ನಿಧಾನವಾಗಿ ಹೇಳಿದ. ನಾನು ಕನ್ನಡದಲ್ಲಿ ಹೇಳುತ್ತಾ ಹೋದೆ. ಚಲಪತಿ ಬರೆದುಕೊಂಡ.

"ಭೇಷ್!" ತಮ್ಮ ತೊಡೆ ತಟ್ಟಿದ. "ನಮ್ಮ ಬುಕ್ಕಲ್ಲಿ ಪ್ರಶ್ನೆ ಇದೆ, ಉತ್ತರಾನೇ ಇಲ್ಲ ನೋಡು ಚಲಪತಿ! ಅಕ್ಕಯ್ಯ, ಅವರು ಏನೇನು ಹೇಳಬಹುದೋ ಅದನ್ನೆಲ್ಲ ಇನ್ನೊಂದು ನೋಟ್‌ಬುಕ್ಕಲ್ಲಿ ಬರೆದುಬಿಡು. ನಾವು ಹೊರಡೋದ್ರೊಳಗೆ, ಬರೋ ಗುರುವಾರಕ್ಕೆ ಆಗುತ್ತಲ್ವಾ?"

ಅವನ ಮುಖ ನೋಡಿದೆ. ಕೆಟ್ಟವನಲ್ಲ ನನ್ನ ತಮ್ಮ. ಅಷ್ಟು ಪ್ರೀತಿಯಿಂದ ಕೇಳುತ್ತಿದ್ದ. ಇಷ್ಟಾದ ಮೇಲೂ ನನ್ನನ್ನೇ ಕರೆದುಕೊಂಡು ಹೋಗಬಹುದೆಂಬುದು ಅವನ ತಲೆಗೆ ಹೊಳೆಯಲೇ ಇಲ್ಲ. ಹೊಟ್ಟೆಯುರಿದದ್ದು ಅದಕ್ಕೇ.

ಡ್ರೈವರ್ ಕಡೆ ತಿರುಗಿ, ನೋಟ್‌ಬುಕ್ಕಿನಲ್ಲಿಲ್ಲದ ಒಂದು ಪ್ರಶ್ನೆ ಕೇಳಿದೆ. ಕಾರಿಲ್ಲದವರು, ಒಬ್ಬರೇ ಹೆಂಗಸು, ನೇಪಾಳಕ್ಕೆ ಹೋಗಬೇಕಾದರೆ ಹೇಗಪ್ಪ? ಅವನು ನಕ್ಕ. ಅದೇನು ಮಹಾ ಎಂದ. ಅವನ ಹೆಂಡತಿ ಎರಡು ಮಕ್ಕಳನ್ನು ಕಟ್ಟಿಕೊಂಡು ಅಲ್ಲಿಂದ ಬೆಂಗಳೂರಿಗೆ ರೈಲಿನಲ್ಲಿ ಒಬ್ಬಳೇ ಬಂದಿದ್ದಳಂತೆ. ಗಾಡಿ ಎಲ್ಲೆಲ್ಲಿ ಬದಲಿಸಬೇಕು ಎಂದು ಬೆರಳು ಮಡಿಚಿ ಹೇಳಿದ. ಗೋರಖಪುರದಲ್ಲಿ ಇಳಿದರೆ ಗಡಿಗೆ ಬಸ್ಸು. ಗಡಿಯನ್ನು ಕೈಚೀಲ ಹಿಡಿದು ನಡೆದೇ ದಾಟುತ್ತಾರೆ, ಯಾರೂ ಏನೂ ಕೇಳುವುದಿಲ್ಲ. ಆ ಕಡೆ ಕಠ್ಮಂಡುವಿಗೆ ಇನ್ನೊಂದು ಬಸ್ಸು. ನೀವು ಮಾತಾಡುವ ರೀತಿಗೆ ದಾರಿಯುದ್ದಕ್ಕೂ ಜನ ಎದ್ದು ಸೀಟು ಕೊಡುತ್ತಾರೆ ಮಾತಾಜಿ, ಎಂದ.

"ಅಷ್ಟೊತ್ತು ಏನಕ್ಕ ಹೇಳ್ದ?" ತಮ್ಮ ಕೇಳಿದ. ಚಲಪತಿಯ ಪೆನ್ಸಿಲು ಕಾಯುತ್ತಿತ್ತು.

"ಹೆದರ್ಕೊಳ್ಳೋ ಅಂಥದ್ದು ಏನೂ ಇಲ್ವಂತೆ ಕಣಪ್ಪ" ಎಂದೆ. ಚಲಪತಿ ಅದನ್ನೂ ಬರೆದುಕೊಂಡ.

"ಸರಿ ಹಾಗಾದ್ರೆ. ಗುರುವಾರ ಮರೀಬೇಡ."

"ಗುರುವಾರಕ್ಕಾಗಲ್ಲ. ಬುಧವಾರ ನಾನು ಹೊರಡ್ತಾ ಇದೀನಿ."

"ಎಲ್ಲಿಗೆ?"

ನೀವು ಹೊರಟಲ್ಲಿಗೇ, ನಿಮಗಿಂತ ಮುಂಚೆ ಎಂದು ಹಿಂದಿಯಲ್ಲಿ ಹೇಳಿದೆ. ಡ್ರೈವರ್ ಹೋ ಎಂದು ನಕ್ಕ. ತಮ್ಮ ಅವನ ಮುಖ ನೋಡಿದ, ನನ್ನ ಮುಖ ನೋಡಿದ, ಆಮೇಲೆ ನೋಟ್‌ಬುಕ್ ತೆಗೆದು ಒಂದೊಂದೇ ಪುಟ ಹುಡುಕತೊಡಗಿದ.