ತಾತ ಓದದ ಪುಟ

ಕಾವಲಿಗೆ ಅಪೆಮ್ ಎಂಬ ಅಕ್ಕಿದೋಸೆಯ ಹಿಟ್ಟು ಹುಯ್ಯುತ್ತಿದ್ದ ಮುರ್ತಿನಿಯ ಕೈ ನಿಂತಿತು. ಒಳಗೆ ಅವಳ ಅಪ್ಪ ಬಾತುಕೋಳಿಯ ಕಥೆ ಓದುತ್ತಿದ್ದರು. ನಡುವೆ ಅದೇ ಕೆಮ್ಮು. ಈ ಅಪೆಮ್ ಅವರು ತೀರಿಕೊಂಡ ನಲವತ್ತನೆಯ ದಿನದ ಪ್ರಾರ್ಥನೆಗೆ. ಮಣ್ಣಾದವರ ದನಿ ಮಾತ್ರ ಮೊಮ್ಮಗಳು ವೆನಿಂಗ್‌ಳ ಟ್ಯಾಬ್‌ನಲ್ಲಿ ಉಳಿದಿತ್ತು. ಮಕ್ಕಳು ಜಾವಾ ಲಿಪಿ ಕಲಿಯಲೆಂದು ಶಾಲೆಯವರು ಮಾಡಿದ ಕಥೆಪುಸ್ತಕಕ್ಕೆ ದನಿ ಕೊಟ್ಟವರು ಅವರೇ. ಕೊನೆಯ ಪುಟಕ್ಕೆ ಕೊಡುವ ಮೊದಲೇ ಹೋಗಿಬಿಟ್ಟರು.

"ನೋಡಕ್ಕ, ನಿನ್ನ ಮಗಳು ಓದ್ತಿಲ್ಲ," ಎಂದ ತಮ್ಮ ತ್ರೆಂಗೊನೊ. ಅವನು ಅದೇ ಶಾಲೆಯ ಮೇಷ್ಟ್ರು. "ಗುಂಡಿ ಒತ್ತುತ್ತಾಳೆ, ಗಿಳಿ ಥರ ಒಪ್ಪಿಸ್ತಾಳೆ. ಕೊನೇ ಪುಟ ಬಂದ್ರೆ ಮತ್ತೆ ಮೊದಲಿಗೇ ಓಡ್ತಾಳೆ."

"ಓಡ್ಲಿ ಬಿಡೋ! ಮಗೂಗೆ ತಾತ ಬೇಕು, ನಿನ್ನ ಅಕ್ಷರ ಅಲ್ಲ. ರಸ್ತೆ ಬೋರ್ಡಲ್ಲಿ ಅಲಂಕಾರಕ್ಕೆ ಬರೆಯೋ ಲಿಪಿ, ಯಾರ ಹೊಟ್ಟೆ ತುಂಬ್ಸುತ್ತೆ?"

"'ಕೊನೇ ಪುಟ ನನ್ನ ನಲವತ್ತನೇ ದಿನ ವೆನಿಂಗ್ ಓದ್ಲಿ' ಅಂತ ಹಾಸಿಗೆ ಹಿಡಿದಾಗ ಅಂದಿದ್ದು ಅಪ್ಪ. ನಾನಲ್ಲ. ಮನೇಲಿ ಓದೋರು ಒಬ್ಬರಾದ್ರೂ ಉಳೀಲಿ ಅಂತ. ನಿನಗಂತೂ ಬರಲ್ಲ."

"ಬರಲ್ಲ ಮಾರಾಯ, ಚುಚ್ಚು ಇನ್ನೂ!" ಮುರ್ತಿನಿಯ ಕಣ್ಣು ತುಂಬಿತು. ಅಪ್ಪ ಆ ಲಿಪಿ ಕಲಿಸಲೆಂದು ಕರೆದು ಕೂರಿಸಿಕೊಂಡಾಗಲೆಲ್ಲ ಅವಳು ನೆಪ ಹೇಳಿ ಎದ್ದು ಹೋಗಿದ್ದಳು.

ಸಂಜೆ ಪ್ರಾರ್ಥನೆ ಮುಗಿಯಿತು. ಚಾಪೆಯ ಮೇಲೆ ಕೂತ ನೆರೆಹೊರೆಯವರ ಮುಂದೆ ವೆನಿಂಗ್ ಗುಂಡಿ ಒತ್ತಿದಳು. ತಾತನ ದನಿ ಎದ್ದಿತು. ಮುದುಕಿಯರು ತಲೆವಸ್ತ್ರದ ತುದಿಯಿಂದ ಕಣ್ಣೊರೆಸಿಕೊಂಡರು. ಕೊನೆಯ ಪುಟಕ್ಕೆ ಬರುತ್ತಲೇ ಮಗುವಿನ ಬೆರಳು ಹಿಂದಕ್ಕೆ ಸರಿಯಿತು.

ಮುರ್ತಿನಿ ಬಂದು ಪಕ್ಕದಲ್ಲಿ ಕೂತು ಆ ಬೆರಳು ಹಿಡಿದಳು.

"ಇಲ್ಲಿ ತಾತ ಇಲ್ಲಮ್ಮ," ವೆನಿಂಗ್ ಬಿಕ್ಕಿದಳು.

"ಇಲ್ಲ ಕಂದ. ತಾತ ಓದಿ ಆಯ್ತು. ಈಗ ನೀನು ಓದು, ಅವರು ಕೇಳ್ತಾರೆ. ಹೂಂ, ಇದೇನು ಅಕ್ಷರ? ನನಗೂ ಹೇಳು."

ಮಗು ಬಹಳ ಹೊತ್ತು ನೋಡಿತು. ಒಂದಕ್ಷರ ಬಂತು. ತಪ್ಪಿತು, ತಿದ್ದಿಕೊಂಡಿತು. ಅಂತೂ ಕಥೆಯ ಬಾತುಕೋಳಿ ಕತ್ತಲಾಗುವ ಮೊದಲು ಗೂಡು ಸೇರಿತು. ಅಷ್ಟು ಹೊತ್ತೂ ಯಾರೂ ಅಪೆಮ್‌ಗೆ ಕೈ ಹಾಕಿರಲಿಲ್ಲ.

ತ್ರೆಂಗೊನೊ ಮೂಗೊರೆಸಿಕೊಳ್ಳುತ್ತ ಮೊಬೈಲ್ ಎತ್ತಿದ. "ಇನ್ನೊಂದ್ಸಲ ಓದು ಪುಟ್ಟಿ. ಈ ಪುಟಕ್ಕೆ ನಿನ್ನ ದನಿ ಹಾಕೋಣ."

ಮುರ್ತಿನಿ ಅವನ ಕೈ ತಗ್ಗಿಸಿದಳು.

"ಬೇಡ ಕಣೋ. ಇದೊಂದು ಪುಟ ದನಿ ಇಲ್ದೆ ಹೀಗೇ ಇರ್ಲಿ. ನಾಳೆಯಿಂದ ನಾನೂ ಕಲಿತು ಓದ್ಬೇಕು."