ಅಳತೆಪಟ್ಟಿಯ ಹಿಂದಿನ ನೀರು

ಕ್ಯಾಮೆರಾಗೆ ಎರಡು ತಿಂಗಳ ಸಂಬಳ ಹೋಯಿತು. ಟ್ರೈಪಾಡಿಗೆ ಅರ್ಧ ತಿಂಗಳಿನದು. ಮೂರು ಲೆನ್ಸುಗಳಿಗೆ ಎಷ್ಟಾಯಿತೆಂದು ಎಂಜಿನಿಯರು ಹೆಂಡತಿಗೆ ಹೇಳಲಿಲ್ಲ. ಅವಳು ಕೇಳುವುದನ್ನೂ ಬಿಟ್ಟಿದ್ದಳು. ನಾಲ್ಕನೆಯದು ಮಾತ್ರ ಅಗ್ಗ. ಹಳೆ ಸಾಮಾನಿನ ಅಂಗಡಿಯವನು ಒಂದು ಊಟದ ಬೆಲೆಗೆ ಕೊಟ್ಟು, "ವಾಪಸ್ ಮಾತ್ರ ತರಬೇಡಿ ಸಾರ್" ಎಂದಿದ್ದ.

"ಇದನ್ನೆಲ್ಲಿ ಮಲಗಿಸ್ತೀರಿ? ಮಂಚದ ಮೇಲೆ ನನಗೇ ಜಾಗ ಇಲ್ಲ," ಎಂದಳು ಹೆಂಡತಿ.

"ಆಫೀಸಿನ ಕೆಲಸಕ್ಕೆ ಕಣೇ."

ಪೂರ್ತಿ ಸುಳ್ಳಲ್ಲ. ಸೇತುವೆಗಳ ಬಿರುಕು ನೋಡುವುದೇ ಅವನ ಕೆಲಸ. ಬಿರುಕಿನ ಎರಡೂ ತುದಿಗೆ ಸೀಮೆಸುಣ್ಣದ ಗೆರೆ, ಪಕ್ಕದಲ್ಲಿ ತಾರೀಖು, ಅಳತೆಪಟ್ಟಿ ಹಿಡಿದು ಒಂದು ಫೋಟೋ. ಮುಂದಿನ ಸಲ ಬಿರುಕು ಗೆರೆ ದಾಟಿದ್ದರೆ ಅದು ಬೆಳೆಯುತ್ತಿದೆ ಎಂದರ್ಥ.

ಆ ಅಗ್ಗದ ಲೆನ್ಸಿನಲ್ಲಿ ಮೊದಲು ತೆಗೆದದ್ದು ಸ್ವಂತ ಮನೆಯ ಮೆಟ್ಟಿಲ ಗೋಡೆಯ ಬಿರುಕನ್ನು, ಗೆರೆ ಎಳೆದು. ಫೋಟೋದಲ್ಲಿ ಬಿರುಕು ಗೆರೆ ದಾಟಿ ಒಂದು ಗೇಣು ಮುಂದೆ ಹೋಗಿ ಕವಲೊಡೆದಿತ್ತು. ಗೋಡೆಯಲ್ಲಿ ಗೆರೆಯೊಳಗೇ ಇತ್ತು. ಲೆನ್ಸಿನ ದೋಷವಿರಬೇಕು ಎಂದುಕೊಂಡ. ಒಂಬತ್ತನೆಯ ದಿನ ಗೋಡೆಯ ಬಿರುಕೂ ಅಷ್ಟೇ ಗೇಣು ಬೆಳೆದು ಅದೇ ಕಡೆ ಕವಲೊಡೆಯಿತು.

ಇನ್ನೆರಡು ಗೋಡೆ ನೋಡಿದ. ಅಲ್ಲೂ ಒಂಬತ್ತೇ ದಿನ.

ಆಮೇಲೆ ಹೊಳೆಯ ಕಾಲುಸೇತುವೆಯ ಸರದಿ. ಆಚೆ ದಡದ ಹೊಲಿಗೆ ಕಾರ್ಖಾನೆಯಲ್ಲಿ ಹೆಂಡತಿ ಮೇಲ್ವಿಚಾರಕಿ. ದಿನವೂ ಅದರ ಮೇಲೇ ಹೋಗುತ್ತಿದ್ದಳು. ನಡುಗಂಬದಲ್ಲಿ ಕೂದಲೆಳೆಯಷ್ಟು ಬಿರುಕು. ಗೆರೆ ಎಳೆದು, ತಾರೀಖು ಬರೆದು, ಕ್ಲಿಕ್ಕಿಸಿದ. ಫೋಟೋದಲ್ಲಿ ಅಳತೆಪಟ್ಟಿ ಇತ್ತು, ಅದನ್ನು ಹಿಡಿದ ಅವನ ಬೆರಳುಗಳಿದ್ದವು. ಹಿಂದೆ ಬರೀ ನೀರು. ಕಂಬ ಇರಲಿಲ್ಲ.

"ಬಿರುಕು ಅಳೆಯೋ ಗೇಜಿನಲ್ಲಿ ಏನಿದೆ?" ಮೇಲಧಿಕಾರಿ ಕೇಳಿದರು.

"ಗೇಜಿನಲ್ಲಿ ಏನಿಲ್ಲ ಸಾರ್. ಆದ್ರೆ ಫೋಟೋ..."

"ನೀರಿನ ಫೋಟೋ ತಗೊಂಡು ಬಂದು ಕಂಬ ಇಲ್ಲ ಅಂತೀರಲ್ರೀ! ಅಷ್ಟು ದುಡ್ಡು ಸುರಿದ್ರಿ, ಕ್ಯಾಮೆರಾ ಹಿಡಿಯೋದನ್ನೂ ಕಲೀರಿ."

ಮನೆಯಲ್ಲಿ ಹೆಂಡತಿಗೆ ಫೋಟೋ ತೋರಿಸಿ, "ಇನ್ಮೇಲೆ ಸುತ್ತು ದಾರೀಲಿ ಹೋಗು," ಎಂದ.

"ಹೊತ್ತಾಗುತ್ತೆ. ಅಡುಗೆ ನೀವು ಮಾಡ್ತೀರಾ?" ಅವಳು ನಕ್ಕಳು.

"ಮಾಡ್ತೀನಿ."

ಅವಳ ನಗು ನಿಂತಿತು. "ನಾನೊಬ್ಬಳು ಸುತ್ತಿದ್ರೆ ಸಾಕೇನ್ರೀ? ಶಿಫ್ಟಿಗೆ ಇನ್ನೂರು ಜನ ಇದೀವಿ."

ಎಂಟನೆಯ ದಿನ ಸಂಜೆ ಅವನು ರಿಜಿಸ್ಟರಿನಲ್ಲಿ ಬಿರುಕು ನಾಲ್ಕು ಮಿಲಿಮೀಟರ್ ಎಂದು ಬರೆದ. ಮೂರು ದಾಟಿದರೆ ಸೇತುವೆ ಮುಚ್ಚಬೇಕೆಂಬುದು ನಿಯಮ. ತಾನೇ ಹೋಗಿ ಎರಡೂ ಕಡೆಯ ಗೇಟಿಗೆ ಬೀಗ ಹಾಕಿ ಬಂದ.

ಬೆಳಿಗ್ಗೆ ಮೇಲಧಿಕಾರಿ ಸ್ವತಃ ಬಂದು ಅಳೆದರು. ಅದೇ ಕೂದಲೆಳೆ. ಗೇಟಿನ ಮುಂದೆ ಹೆಂಗಸರು ಗೊಣಗುತ್ತಾ ನಿಂತಿದ್ದರು.

"ಕೀಲಿ ಕೊಡ್ರೀ."

"ಹೊಳೆಗೆ ಬಿತ್ತು ಸಾರ್."

ಬೀಗ ಒಡೆಯಲು ಸುತ್ತಿಗೆ ತರಿಸಿದರು. ಎರಡು ಪೆಟ್ಟು ಬಿದ್ದಿರಬಹುದು. ನಡುಗಂಬ ಸದ್ದೇ ಇಲ್ಲದೆ, ದಣಿದವರು ಕುಳಿತುಕೊಳ್ಳುವ ಹಾಗೆ, ನೀರಿನೊಳಗೆ ಇಳಿಯಿತು. ಸೇತುವೆ ಅದರ ಹಿಂದೆಯೇ ಹೋಯಿತು. ಎಲ್ಲರೂ ತಿರುಗಿ ಅವನನ್ನು ನೋಡಿದರು.

ಸುಳ್ಳು ಅಳತೆ ಬರೆದದ್ದಕ್ಕೆ ಕೆಲಸ ಹೋಯಿತು. ಬೀಳುವುದು ಮೊದಲೇ ಹೇಗೆ ಗೊತ್ತಾಯಿತೆಂದು ಪೊಲೀಸರು ತಿಂಗಳುಗಟ್ಟಲೆ ಕೇಳಿದರು. ಇನ್ನೂರು ಹೆಂಗಸರು ಬದುಕಿದರು. ಅವರಲ್ಲಿ ಅವನ ಹೆಂಡತಿಯೂ ಒಬ್ಬಳು.